ಭಾರವಾದ ಟೆಲಿಫೋಟೊ ಲೆನ್ಸಿಗೆ ಭುಜದ ಆಸರೆ: ಬಳಸಿದವರ ಅನುಭವ ಬೇಕು

ಮೈಸೂರಿನ_ಬೆಳ್ಳಕ್ಕಿ:
ಎಲ್ಲರಿಗೂ ನಮಸ್ಕಾರ. ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತಳಾದವಳು, ಈಗ 62 ವರ್ಷ. ನಿವೃತ್ತಿಯ ನಂತರ ನಿಕಾನ್ ಡಿ500 ಕ್ಯಾಮೆರಾವನ್ನೂ 200-500 ಮಿ.ಮೀ. ಲೆನ್ಸನ್ನೂ ಕೊಂಡು ಹಕ್ಕಿಗಳ ಚಿತ್ರ ತೆಗೆಯುವುದನ್ನು ಕಲಿತೆ. ಲೆನ್ಸಿನ ತೂಕ 2.3 ಕೆ.ಜಿ., ಕ್ಯಾಮೆರಾದ ತೂಕ 860 ಗ್ರಾಂ. ಎರಡೂ ಸೇರಿ 3 ಕೆ.ಜಿ. ದಾಟುತ್ತದೆ. ಕಳೆದ ಚಳಿಗಾಲದಲ್ಲಿ ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಸೆಳೆವಗಳನ್ನು (ಹ್ಯಾರಿಯರ್ ಎಂಬ ಬೇಟೆಹಕ್ಕಿಗಳನ್ನು) ಹಿಂಬಾಲಿಸುತ್ತ ನಾಲ್ಕು ಬೆಳಗು ಕಳೆದೆ. ಐದನೆಯ ಬೆಳಗು ಎಡಗೈಯನ್ನು ತಲೆಯವರೆಗೂ ಎತ್ತಲಾಗಲಿಲ್ಲ. ಭುಜದ ಸ್ನಾಯುರಜ್ಜು ಊದಿಕೊಂಡಿದೆ ಎಂದು ವೈದ್ಯರು ಹೇಳಿದರು, ಎರಡು ತಿಂಗಳು ಕ್ಯಾಮೆರಾ ಮುಟ್ಟಬಾರದೆಂದರು. ಈಗ ನೋವು ಹೋಗಿದೆ, ಆದರೆ ಭಯ ಉಳಿದಿದೆ.

ಟ್ರೈಪಾಡ್ ಹೊತ್ತು ಹುಲ್ಲಿನಲ್ಲಿ ಕಿಲೋಮೀಟರುಗಟ್ಟಲೆ ನಡೆಯುವುದು ನನ್ನಿಂದ ಆಗದು. ರಂಗನತಿಟ್ಟಿನ ದೋಣಿಯಲ್ಲಿ ಅದನ್ನು ಬಿಡಿಸಿಡಲು ಜಾಗವೇ ಇರುವುದಿಲ್ಲ. ಇಟ್ಟರೂ ಹುಟ್ಟು ಹಾಕಿದಾಗಿನ ಅದುರು ಕಾಲುಗಳ ಮೂಲಕ ಲೆನ್ಸಿಗೇ ಏರುತ್ತದೆ. ಬಂದೂಕಿನ ಹಿಡಿಯಂತೆ ಭುಜಕ್ಕೆ ಒತ್ತಿಕೊಳ್ಳುವ ಶೋಲ್ಡರ್ ಮೌಂಟ್ ಎಂಬ ಸಾಧನವನ್ನು ಕೆಲವರ ಕೈಯಲ್ಲಿ ನೋಡಿದ್ದೇನೆ. ಅದು ನಿಜವಾಗಿಯೂ ಕೈಯ ಭಾರವನ್ನು ಇಳಿಸುತ್ತದೆಯೇ? ಚಿತ್ರ ಇನ್ನಷ್ಟು ಸ್ಪಷ್ಟವಾಗಿ ಬರುತ್ತದೆಯೇ? ಕೊಳ್ಳುವುದು ಮೇಲೋ, ಇಲ್ಲೇ ಮಾಡಿಸಿಕೊಳ್ಳುವುದು ಮೇಲೋ? ಬಳಸಿ ನೋಡಿದವರು ದಯವಿಟ್ಟು ಬರೆಯಿರಿ.

ಹುಲ್ಲುಗಾವಲಿಗ:
ಮೇಡಂ, ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಿ. ಮೂರು ವರ್ಷದಿಂದ ಇದೇ ಹೆಸರಘಟ್ಟದಲ್ಲಿ ಬಳಸುತ್ತಿದ್ದೇನೆ. ಹಾರುವ ಹಕ್ಕಿಯನ್ನು ಚೌಕಟ್ಟಿನೊಳಗೆ ಉಳಿಸಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ.

ತಿರುಗುಬಲ:
ಕಣ್ಣು ಮುಚ್ಚಿಕೊಂಡು ಖಂಡಿತ ಬೇಡ. ಭುಜ ನೋಯಿಸಿಕೊಂಡವರಿಗೆ ಇಷ್ಟು ಸುಲಭವಾಗಿ ಸಲಹೆ ಕೊಡಬಾರದು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಬಂದೂಕಿನ ಮಾದರಿಯ ಆಸರೆ ಭುಜದ ಮುಂಭಾಗಕ್ಕೆ ಒತ್ತಿಕೊಳ್ಳುತ್ತದೆಯೇ ಹೊರತು ಭುಜದ ಮೇಲೆ ಕೂರುವುದಿಲ್ಲ. ಒಂದು ಕೋಲಿನ ತುದಿಯನ್ನು ಗೋಡೆಗೆ ಒತ್ತಿ ಅಡ್ಡಲಾಗಿ ಹಿಡಿದುಕೊಂಡು ನೋಡಿ. ಕೋಲು ಅತ್ತಿತ್ತ ಅಲುಗುವುದು ಕಡಿಮೆಯಾಗುತ್ತದೆ, ಆದರೆ ಅದರ ತೂಕವನ್ನು ಗೋಡೆ ಹೊರುವುದಿಲ್ಲ. ಹೊರುವುದು ನಿಮ್ಮ ಕೈಯೇ. ಕ್ಯಾಮೆರಾದ ವಿಷಯದಲ್ಲೂ ಹೀಗೆಯೇ. 3.2 ಕೆ.ಜಿ.ಯ ಭಾರಕೇಂದ್ರ ನಿಮ್ಮ ಭುಜದ ಕೀಲಿನಿಂದ 30 ಸೆಂ.ಮೀ. ಮುಂದಿದ್ದರೆ ಆ ಕೀಲಿನ ಮೇಲೆ ಸುಮಾರು 9.4 ನ್ಯೂಟನ್-ಮೀಟರ್ ತಿರುಗುಬಲ ಬೀಳುತ್ತದೆ, ಅದಕ್ಕೆ ತೋಳಿನ ಸ್ವಂತ ತೂಕವೂ ಸೇರುತ್ತದೆ. ಹಿಂದೆ ಒಂದು ಹಿಡಿಕೆ ಜೋಡಿಸಿದ ಮಾತ್ರಕ್ಕೆ ಈ ಲೆಕ್ಕ ಬದಲಾಗುವುದಿಲ್ಲ. ಹಿಡಿಕೆಯ ತೂಕವೂ ಸೇರಿ ಇನ್ನೂ ಮೂರು ನಾಲ್ಕು ನೂರು ಗ್ರಾಂ ಹೆಚ್ಚುತ್ತದೆ.

ಭಾರ ಇಳಿಯಬೇಕಾದರೆ ಅದಕ್ಕೆ ನೆಲದವರೆಗೆ ಬೇರೊಂದು ದಾರಿ ಬೇಕು. ಮಾನೊಪಾಡ್ (ಒಂಟಿಕಾಲಿನ ಕೋಲು) ಆದರೆ ನೇರ ನೆಲಕ್ಕೆ, ಸೊಂಟದ ಪಟ್ಟಿಗೆ ಊರಿದ ಕೋಲಾದರೆ ಸೊಂಟದ ಮೂಳೆಗೆ, ವಿಡಿಯೊದವರ ಹಾಗೆ ಭುಜದ ಮೇಲೆಯೇ ಕೂರಿಸುವ ಚೌಕಟ್ಟಾದರೆ ಬೆನ್ನಿಗೆ. ಈ ಕೊನೆಯದರಲ್ಲಿ ಮುಂಭಾರವನ್ನು ಸರಿದೂಗಿಸಲು ಹಿಂಬದಿಗೆ ಎದುರುತೂಕ ಕಟ್ಟಬೇಕಾಗುತ್ತದೆ. ಆಗ ಮೂರು ಕೆ.ಜಿ. ಐದಾಗುತ್ತದೆ, ಅದನ್ನು ಹೊತ್ತು ಹುಲ್ಲುಗಾವಲಿನಲ್ಲಿ ನಡೆಯುವುದು ಯಾರಿಗೂ ಬೇಡ.

ಹುಲ್ಲುಗಾವಲಿಗ:
ನಿಮ್ಮ ಲೆಕ್ಕ ಕಾಗದದ ಮೇಲೆ ಸರಿಯಿದೆ, ಆದರೆ ಬಳಸುವ ಬಗೆಯನ್ನು ನೀವು ಗಮನಿಸಿಲ್ಲ. ಬರಿಗೈಯಲ್ಲಿ ಹಿಡಿದಾಗ ಎಡಗೈ ಲೆನ್ಸಿನ ಕೊಳವೆಯ ಕೆಳಗೆ, ಜೂಮ್ ಉಂಗುರದ ಹತ್ತಿರ, ಎತ್ತರದಲ್ಲಿ ಇರಬೇಕಾಗುತ್ತದೆ. ಹಾರುವ ಹಕ್ಕಿಯ ಜೊತೆ ತಿರುಗುವಾಗ ಮೊಣಕೈ ದೇಹದಿಂದ ದೂರ ಸರಿಯುತ್ತದೆ. ಆಸರೆಯ ಮುಂಗೈಪಿಡಿ, ಅಂದರೆ ಎಡಗೈಯಿಂದ ಹಿಡಿಯುವ ಮುಂದಿನ ಹಿಡಿ, ಕೊಳವೆಯಿಂದ ಒಂದು ಗೇಣು ಕೆಳಗಿರುತ್ತದೆ. ಅದನ್ನು ಹಿಡಿದಾಗ ಮೊಣಕೈ ತಾನಾಗಿಯೇ ಪಕ್ಕೆಲುಬಿಗೆ ಬಂದು ಒರಗುತ್ತದೆ, ಮುಂಗೈ ಕಂಬದಂತೆ ನೆಟ್ಟಗೆ ನಿಲ್ಲುತ್ತದೆ. ಆಗ ತೂಕ ಮುಂಗೈ ಮೂಳೆಯಿಂದ ಪಕ್ಕೆಗೆ, ಅಲ್ಲಿಂದ ಸೊಂಟಕ್ಕೆ ಇಳಿಯುತ್ತದೆ. ನೀವು ಹೇಳುವ ‘ನೆಲದವರೆಗಿನ ದಾರಿ’ ಇದೇ ಅಲ್ಲವೇ?

ತಿರುಗುಬಲ:
ಹೌದು, ಅದನ್ನು ಒಪ್ಪುತ್ತೇನೆ. ಆದರೆ ಭಾರ ಇಳಿಸಿದ್ದು ಮೊಣಕೈ ಪಕ್ಕೆಗೆ ಬಂದದ್ದು, ಭುಜಕ್ಕೆ ಒತ್ತಿದ ಹಿಡಿಕೆಯಲ್ಲ. ಮುಂಗೈಪಿಡಿಯೊಂದನ್ನೇ ಜೋಡಿಸಿದರೂ ಆ ಪ್ರಯೋಜನ ಸಿಗುತ್ತದೆ. ಜೊತೆಗೆ ಹಕ್ಕಿ ತಲೆಯ ಮೇಲಕ್ಕೆ ಏರಿದ ಕ್ಷಣ ಮೊಣಕೈ ಮತ್ತೆ ಗಾಳಿಯಲ್ಲಿರುತ್ತದೆ.

ಕೀಲು_ಸ್ನಾಯು:
ನಾನು ವೃತ್ತಿಯಿಂದ ಫಿಸಿಯೋಥೆರಪಿಸ್ಟ್, ಹವ್ಯಾಸದಿಂದ ಹಕ್ಕಿ ನೋಡುವವಳು. ಹಾಗಾಗಿ ಈ ಮಾತನ್ನು ಓದಿ ಸುಮ್ಮನಿರಲಾಗಲಿಲ್ಲ. ತೋಳನ್ನು ದೇಹದಿಂದ ದೂರಕ್ಕೆ ಎತ್ತಿ ಹಿಡಿದಷ್ಟೂ ಭುಜದ ಕೀಲನ್ನು ಸುತ್ತುವರಿದ ಸಣ್ಣ ಸ್ನಾಯುಗಳ ಮೇಲೆ ಒತ್ತಡ ಹೆಚ್ಚುತ್ತದೆ, ಅದರಲ್ಲೂ ಭುಜದ ತುದಿಯ ಮೂಳೆಯ ಕೆಳಗೆ ಹಾದುಹೋಗುವ ಸ್ನಾಯುರಜ್ಜು ಇಕ್ಕಟ್ಟಿಗೆ ಸಿಲುಕುತ್ತದೆ. ವಯಸ್ಸಾದಂತೆ ಆ ರಜ್ಜು ಚೇತರಿಸಿಕೊಳ್ಳುವುದು ನಿಧಾನ. ಮೇಡಂ ಅವರ ನೋವಿಗೆ ಕಾರಣ 3 ಕೆ.ಜಿ. ತೂಕವೊಂದೇ ಅಲ್ಲ, ‘ಈಗ ಬರುತ್ತದೆ, ಈಗ ಬರುತ್ತದೆ’ ಎಂದು ಲೆನ್ಸನ್ನು ಇಳಿಸದೆ ನಿಮಿಷಗಟ್ಟಲೆ ಎತ್ತಿ ಹಿಡಿದಿರುವುದೂ ಅಷ್ಟೇ ದೊಡ್ಡ ಕಾರಣವಾಗಿರಬಹುದು.

ಯಾವ ಸಾಧನ ಕೊಂಡರೂ ಸರಿ, ಹಕ್ಕಿ ಹತ್ತಿರ ಬರುವವರೆಗೆ ಲೆನ್ಸನ್ನು ಇಳಿಸಿಡುವ ಅಭ್ಯಾಸ ಮಾಡಿಕೊಳ್ಳಿ. ಬೈನಾಕ್ಯುಲರಿನಲ್ಲಿ ನೋಡುತ್ತಿರಿ, ಕೊನೆಯ ಕೆಲವು ಕ್ಷಣಗಳಿಗೆ ಮಾತ್ರ ಎತ್ತಿ. ನೋವು ಮರುಕಳಿಸಿದರೆ ಹಟ ಹಿಡಿಯದೆ ನಿಮ್ಮ ವೈದ್ಯರ ಬಳಿಗೆ ಹೋಗಿ. ಸ್ನಾಯು ಬಲಪಡಿಸುವ ವ್ಯಾಯಾಮಗಳಿವೆ, ಆದರೆ ನಿಮ್ಮ ಭುಜವನ್ನು ಮುಟ್ಟಿ ಪರೀಕ್ಷಿಸಿದವರು ಹೇಳಿಕೊಟ್ಟಿದ್ದನ್ನು ಮಾತ್ರ ಮಾಡಿ.

ದರೋಜಿ_ಕರಡಿ:
ಸಫಾರಿ ಜೀಪಿನ ಕಂಬಿಯ ಮೇಲಾದರೆ ಬೀನ್ ಬ್ಯಾಗ್ (ಕಾಳು ತುಂಬಿದ ಚೀಲ) ಒಂದೇ ಸಾಕು, ಉಳಿದದ್ದೆಲ್ಲ ಅನವಶ್ಯಕ ಎಂಬುದು ನನ್ನ ಅಭಿಪ್ರಾಯ.

ಲಕ್ಕವಳ್ಳಿ_ರೀವ:
ದರೋಜಿಯವರೇ, ಮೇಡಂ ಕೇಳಿದ್ದು ಜೀಪಿನ ವಿಷಯವಲ್ಲ, ನಡಿಗೆಯ ಮತ್ತು ದೋಣಿಯ ವಿಷಯ. ಬೇಸಿಗೆಯಲ್ಲಿ ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ನದಿ ರೀವಗಳು (ರಿವರ್ ಟರ್ನ್ ಹಕ್ಕಿಗಳು) ಗೂಡು ಮಾಡುವಾಗ ದೋಣಿಯಿಂದಲೇ ಚಿತ್ರ ತೆಗೆಯುವವನು ನಾನು. ಮೀನಿಗಾಗಿ ನೀರಿಗೆ ಧುಮುಕುವ ರೀವವನ್ನು ಬೀನ್ ಬ್ಯಾಗಿನ ಮೇಲಿಂದ ಹಿಂಬಾಲಿಸಿ ನೋಡಿದರೆ ಕಷ್ಟ ಏನೆಂದು ತಿಳಿಯುತ್ತದೆ. ದೋಣಿ ಒಂದು ಕಡೆ ವಾಲುತ್ತದೆ, ಹಕ್ಕಿ ಇನ್ನೊಂದು ಕಡೆ ತಿರುಗುತ್ತದೆ, ನಡುವೆ ಲೆನ್ಸ್ ಮಾತ್ರ ನೆಟ್ಟಗಿರಬೇಕು. ಆ ಕೆಲಸ ಮಾಡುವುದು ನಮ್ಮ ಸೊಂಟ ಮತ್ತು ಬೆನ್ನು. ಭುಜದ ಆಸರೆಯ ನಿಜವಾದ ಲಾಭ ಇಲ್ಲಿದೆ: ಕ್ಯಾಮೆರಾ ಮೈಗೆ ಅಂಟಿಕೊಂಡಿರುವುದರಿಂದ ಸೊಂಟದಿಂದ ಮೇಲಿನ ಇಡೀ ಮೈ ಒಟ್ಟಿಗೆ ತಿರುಗುತ್ತದೆ, ಕೈಗಳು ಬೇರೆಯಾಗಿ ಎಳೆದಾಡುವುದಿಲ್ಲ.

ಸ್ಪಷ್ಟತೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಡಿ500ರ ಒಂದು ಪಿಕ್ಸೆಲ್ಲಿನ ಅಗಲ ಸುಮಾರು 4.2 ಮೈಕ್ರಾನ್. 500 ಮಿ.ಮೀ.ನಲ್ಲಿ 30 ಮೀಟರ್ ದೂರದ ಹಕ್ಕಿಯ ಮೇಲೆ ಅದು ಕಾಲು ಮಿಲಿಮೀಟರಿಗೆ ಸಮ. ಶಟರ್ ತೆರೆದಿರುವಷ್ಟು ಹೊತ್ತಿನಲ್ಲಿ ನಿಮ್ಮ ಗುರಿ ಹಕ್ಕಿಯ ಮೈಮೇಲೆ ಒಂದೆರಡು ಮಿಲಿಮೀಟರ್ ಜಾರಿದರೂ ಗರಿಯ ಎಳೆಗಳು ಕಲಸಿಹೋಗುತ್ತವೆ. ಹಾರುವ ಹಕ್ಕಿಗೆ ನಾವು ಹೇಗೂ 1/2000 ಸೆಕೆಂಡ್ ಅಥವಾ ಇನ್ನೂ ವೇಗವಾಗಿ ತೆಗೆಯುತ್ತೇವೆ. ಅಲ್ಲಿ ಕೈಯ ನಡುಕದ ಪಾಲು ಬಹಳ ಕಡಿಮೆ, ಆಸರೆಯಿಂದ ಸ್ಪಷ್ಟತೆ ಹೆಚ್ಚಿತೆಂದು ಹೇಳುವುದು ಕಷ್ಟ. ಆದರೆ ಬೆಳಕು ಹರಿಯುವ ಮುನ್ನ ಕೊಂಬೆಯ ಮೇಲೆ ಕುಳಿತ ಹಕ್ಕಿಗೆ 1/250ರಲ್ಲಿ ತೆಗೆಯುವಾಗ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಎರಡು ಕೈ, ಕಣ್ಣಿನ ಹುಬ್ಬು, ಅದರ ಜೊತೆಗೆ ಭುಜವೂ ಒಂದು ಊರುಗೋಲಾಗುತ್ತದೆ. ವಿಆರ್ (ಲೆನ್ಸಿನೊಳಗಿನ ಅಲುಗಾಟ ತಡೆಯುವ ವ್ಯವಸ್ಥೆ) ಚಾಲೂ ಇರಲಿ. 200-500ರಲ್ಲಿ ಸ್ಪೋರ್ಟ್ ಎಂಬ ಸ್ಥಾನವಿದೆ, ಹಕ್ಕಿಯನ್ನು ಹಿಂಬಾಲಿಸುವಾಗ ಅದರಲ್ಲಿ ವ್ಯೂಫೈಂಡರಿನ ಚಿತ್ರ ಜಿಗಿಯುವುದು ಕಡಿಮೆ.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಆಸರೆಯನ್ನು ಎದೆಯ ಕಡೆಗೆ ತೀರ ಒಳಗೆ ಒತ್ತಿಕೊಂಡರೆ ಉಸಿರಾಟದ ಏರಿಳಿತ ನೇರ ಲೆನ್ಸಿಗೆ ಹೋಗುತ್ತದೆ. ಉಸಿರು ಅರ್ಧ ಬಿಟ್ಟು ತಡೆದು ಒತ್ತುವುದನ್ನು ಕಲಿಯಬೇಕಾಗುತ್ತದೆ.

ಮೈಸೂರಿನ_ಬೆಳ್ಳಕ್ಕಿ:
ಇಷ್ಟು ಬೇಗ ಇಷ್ಟು ವಿವರ ಸಿಕ್ಕಿದ್ದಕ್ಕೆ ಎಲ್ಲರಿಗೂ ಕೃತಜ್ಞತೆ. ‘ನಿಮಿಷಗಟ್ಟಲೆ ಎತ್ತಿ ಹಿಡಿದಿರುವುದು’ ಎಂದದ್ದು ನನ್ನ ವಿಷಯದಲ್ಲಿ ಅಕ್ಷರಶಃ ನಿಜ. ಲೆನ್ಸ್ ಇಳಿಸಿದರೆ ಮತ್ತೆ ಹಕ್ಕಿಯನ್ನು ಚೌಕಟ್ಟಿಗೆ ತಂದುಕೊಳ್ಳಲು ಆಗುವುದಿಲ್ಲ ಎಂಬ ಆತಂಕದಿಂದ ನಾನು ಇಳಿಸುತ್ತಲೇ ಇರಲಿಲ್ಲ.

ಲಕ್ಕವಳ್ಳಿ_ರೀವ:
ಆ ಆತಂಕಕ್ಕೆ ಕಾರಣವೂ ಇದೆ. 500 ಮಿ.ಮೀ.ನಲ್ಲಿ 30 ಮೀಟರ್ ದೂರಕ್ಕೆ ನಿಮ್ಮ ಚೌಕಟ್ಟಿನ ಅಗಲ ಕೇವಲ 1.4 ಮೀಟರ್, ಸೆಳೆವದ ರೆಕ್ಕೆಯ ಹರವೇ ಸುಮಾರು 1 ಮೀಟರ್. ಮೊದಲು 200ಕ್ಕೆ ಇಳಿಸಿ ಹುಡುಕಿ, ಅಲ್ಲಿ ಅಗಲ 3.5 ಮೀಟರ್ ಸಿಗುತ್ತದೆ. ಹಕ್ಕಿ ನಡುವೆ ಬಂದ ಮೇಲೆ ಜೂಮ್ ಮಾಡಿ.

ಹುಲ್ಲುಗಾವಲಿಗ:
ಮುಂಗೈಪಿಡಿ ಹಿಡಿದ ಎಡಗೈಯಿಂದ ಜೂಮ್ ಉಂಗುರ ತಿರುಗಿಸುವುದು ಹೇಗೆ? ಆ ಲೆನ್ಸಿನ ಉಂಗುರವನ್ನು ಕೊನೆಯಿಂದ ಕೊನೆಗೆ ತಿರುಗಿಸಲು ಮಣಿಕಟ್ಟನ್ನು ಎರಡು ಸಲ ಹೊರಳಿಸಬೇಕು. ನಾನು 500ರಲ್ಲೇ ಇಟ್ಟು, ಎರಡೂ ಕಣ್ಣು ತೆರೆದು, ಲೆನ್ಸಿನ ಮೇಲಂಚನ್ನು ಹಕ್ಕಿಯ ಕಡೆಗೆ ಗುರಿಯಿಟ್ಟು ಎತ್ತುತ್ತೇನೆ. ಆಸರೆಯಿದ್ದರೆ ಪ್ರತಿ ಸಲವೂ ಲೆನ್ಸ್ ಭುಜದ ಅದೇ ಜಾಗಕ್ಕೆ ಬಂದು ಕೂರುವುದರಿಂದ ಕಣ್ಣು ಎಲ್ಲಿ ನೋಡುತ್ತಿದೆಯೋ ಅಲ್ಲೇ ಹಕ್ಕಿ ಸಿಗುತ್ತದೆ. ಇದು ಒಂದು ವಾರದಲ್ಲಿ ಕೈಗೆ ಬರುವುದಿಲ್ಲ. ಮನೆಯ ಮಾಳಿಗೆಯ ಮೇಲೆ ನಿಂತು ಹದ್ದು, ಪಾರಿವಾಳಗಳ ಮೇಲೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದೇನೆ.

ಹಳೇ_ರೀಲು:
ಈ ಮಾತು ಓದಿದಾಗ ಒಂದು ಹಳೆಯ ಸಂಗತಿ ನೆನಪಾಯಿತು. ಹಾರುವ ಹಕ್ಕಿಯ ಚಲನೆಯನ್ನು ಹಿಡಿಯಲು 1882ರಲ್ಲಿ ಫ್ರಾನ್ಸಿನ ಶರೀರವಿಜ್ಞಾನಿ ಎತಿಯೆನ್-ಜೂಲ್ ಮಾರೇ ಒಂದು ‘ಛಾಯಾಚಿತ್ರ ಬಂದೂಕ’ನ್ನೇ ತಯಾರಿಸಿದರು. ಭುಜಕ್ಕೆ ಒತ್ತಿ, ಕುದುರೆ (ಟ್ರಿಗರ್) ಎಳೆದರೆ ಸೆಕೆಂಡಿಗೆ 12 ಚಿತ್ರಗಳು ಮೂಡುತ್ತಿದ್ದವು. ಹಕ್ಕಿಯ ಹಿಂದೆ ಭುಜ ತಿರುಗಿಸುವ ಉಪಾಯ ಅಷ್ಟು ಹಳೆಯದು. ಅನಂತರ 1960ರ ದಶಕದಲ್ಲಿ ಸೋವಿಯತ್ ಒಕ್ಕೂಟದ ಕ್ರಾಸ್ನೊಗೊರ್ಸ್ಕ್ ಕಾರ್ಖಾನೆಯಿಂದ ಜೆನಿತ್ ‘ಫೋಟೊಸ್ನೈಪರ್’ ಬಂತು. 300 ಮಿ.ಮೀ. ಎಫ್/4.5 ಲೆನ್ಸ್, ಕೆಳಗೆ ಪಿಸ್ತೂಲಿನ ಹಿಡಿ, ಹಿಂದೆ ಭುಜದ ಹಿಡಿಕೆ. ಫೋಕಸ್ ತಿರುಗಿಸುವ ದುಂಡು ಗುಂಡಿ ಎಡಗೈ ಬೆರಳಿಗೆ ಸಿಗುವಂತೆ ಲೆನ್ಸಿನ ಕೆಳಗಿತ್ತು. ಜರ್ಮನಿಯ ನೊವೊಫ್ಲೆಕ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಿಡಿಯನ್ನು ಅಮುಕಿದರೆ ಫೋಕಸ್ ಬದಲಾಗುವಂತೆ ಮಾಡಿತು.

ರೀಲಿನ ಕಾಲದಲ್ಲಿ ನಾನು ಫೋಟೊಸ್ನೈಪರ್ ಒಂದನ್ನು ಗೆಳೆಯರಿಂದ ಎರವಲು ಪಡೆದು ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದೆ. ಹುಣಸೆಮರದಿಂದ ಹೆಜ್ಜಾರ್ಲೆಗಳು ಇಳಿದು ಬರುವಾಗ ಬೆರಳಿನಿಂದ ಫೋಕಸ್ ತಿರುಗಿಸುತ್ತ ಮೈಯನ್ನು ತಿರುಗಿಸಿದ ಅನುಭವವನ್ನು ಇವತ್ತಿಗೂ ಮರೆತಿಲ್ಲ. ಅಂದಿನ ಸಾಧನಗಳಲ್ಲಿ ಮುಖ್ಯವಾದ ಮಾತೊಂದಿದೆ: ಲೆನ್ಸ್, ಹಿಡಿ, ಕುದುರೆ ಎಲ್ಲವೂ ಒಂದಕ್ಕೊಂದು ಹೊಂದುವಂತೆ ಒಟ್ಟಿಗೆ ರೂಪಿಸಿದವು. ನಾವು ಇಂದು ಬೇರೆ ಬೇರೆ ತಯಾರಕರ ಕ್ಯಾಮೆರಾ, ಲೆನ್ಸ್, ಹಿಡಿಕೆಗಳನ್ನು ತಂದು ಜೋಡಿಸುತ್ತೇವೆ. ಹೊಂದದಿದ್ದರೆ ಸಾಧನವೇ ಕೆಟ್ಟದ್ದೆಂದು ಮೂಲೆಗೆ ಇಡುತ್ತೇವೆ.

ಪೀಣ್ಯದ_ಲೇತ್:
ಹಳೇ ರೀಲು ಅವರ ಕೊನೆಯ ಮಾತು ನೂರಕ್ಕೆ ನೂರು ಸತ್ಯ. ನಾನು ಫ್ಯಾಬ್ರಿಕೇಶನ್ ಕೆಲಸದವನು, ಗೆಳೆಯರಿಗೆಂದು ಇಂಥ ಆಸರೆಗಳನ್ನು ಏಳೆಂಟು ಮಾಡಿಕೊಟ್ಟಿದ್ದೇನೆ. ಕೊಂಡು ತಂದದ್ದು ಹೊಂದದಿರುವುದಕ್ಕೆ ಎರಡೇ ಕಾರಣ ಕಂಡಿದ್ದೇನೆ, ಉದ್ದ ಮತ್ತು ಇಳಿಜಾರು.

ಉದ್ದವೆಂದರೆ ಭುಜದ ಮೆತ್ತೆಯಿಂದ ವ್ಯೂಫೈಂಡರಿನವರೆಗಿನ ಅಂತರ. ಬಂದೂಕಿನಲ್ಲಿ ಕಣ್ಣು ಗುರಿಕಿಂಡಿಯಿಂದ ದೂರ ಇರುತ್ತದೆ, ಕ್ಯಾಮೆರಾದಲ್ಲಿ ಕಣ್ಣು ವ್ಯೂಫೈಂಡರಿಗೆ ಅಂಟಿರಬೇಕು. ಹಾಗಾಗಿ ಬಂದೂಕಿನ ಉದ್ದವನ್ನೇ ನಕಲು ಮಾಡಿದರೆ ಕುತ್ತಿಗೆ ಮುಂದಕ್ಕೆ ಚಾಚಬೇಕಾಗುತ್ತದೆ, ಅರ್ಧ ಗಂಟೆಯಲ್ಲಿ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಇಳಿಜಾರೆಂದರೆ ಕಣ್ಣಿನ ಮಟ್ಟದಿಂದ ಭುಜದ ಗುಳಿಯವರೆಗಿನ ಇಳಿತ. ಇದು ಒಬ್ಬೊಬ್ಬರಿಗೆ ಒಂದೊಂದು ಅಳತೆ. ಎತ್ತರದ ಕುತ್ತಿಗೆಯವರಿಗೆ ಹೆಚ್ಚು, ಗಿಡ್ಡ ಕುತ್ತಿಗೆಯವರಿಗೆ ಕಡಿಮೆ. ಸಿದ್ಧ ಸಾಧನಗಳು ಸಾಮಾನ್ಯವಾಗಿ ದೊಡ್ಡ ಮೈಕಟ್ಟಿನ ಗಂಡಸರ ಅಳತೆಗೆ ಇರುತ್ತವೆ. ಮೇಡಂ ಅವರಿಗೆ ಅದು ಸರಿಹೋಗುವುದು ಅನುಮಾನ.

ಮಾಡಿಸುವುದಾದರೆ 25 ಮಿ.ಮೀ. ಚೌಕದ ಅಲ್ಯೂಮಿನಿಯಂ ಪೈಪು ಸಾಕು. ಒಳಗೆ ಜಾರುವ ಇನ್ನೊಂದು ಪೈಪು ಹಾಕಿ ಕೈತಿರುಪು ಕೊಟ್ಟರೆ ಉದ್ದ ಬದಲಿಸಬಹುದು. ಮೆತ್ತೆಯನ್ನು ಬೈಕಿನ ಸೀಟು ಹೊಲಿಯುವವರ ಬಳಿ ಫೋಮ್ ಇಟ್ಟು ರೆಕ್ಸಿನ್ನಿನಲ್ಲಿ ಹೊಲಿಸಿ. ಲೆನ್ಸಿನ ಕಾಲಿಗೆ (ಟ್ರೈಪಾಡಿಗೆ ಕೂರಿಸಲು ಲೆನ್ಸಿನ ಕೆಳಗಿರುವ ಪಟ್ಟಿಗೆ) ಹಿಡಿಸುವಲ್ಲಿ ಒಂದೇ ಸ್ಕ್ರೂ ಇದ್ದರೆ ಅದು ತಿರುಗಿ ಸಡಿಲವಾಗುತ್ತದೆ. ಪಟ್ಟಿಯನ್ನು ಗಾಡಿಯೊಳಗೆ ಜಾರಿಸಿ ಬಿಗಿಯುವ ಆರ್ಕಾ ಮಾದರಿಯ ಕ್ಲಾಂಪ್ ಹಾಕಿ. ತಿರುಗುವುದೂ ಇಲ್ಲ, ಭಾರಕೇಂದ್ರಕ್ಕೆ ಸರಿಯಾಗಿ ಹಿಂದೆ ಮುಂದೆ ಸರಿಸಲೂಬಹುದು. ಮೊದಲು ಮರದ ಪಟ್ಟಿಯಲ್ಲಿ ಒಂದು ಮಾದರಿ ಮಾಡಿ, ಕನ್ನಡಿಯ ಮುಂದೆ ನಿಂತು ಅಳತೆ ತೆಗೆದುಕೊಂಡು, ಆಮೇಲೆ ಲೋಹಕ್ಕೆ ಹೋಗಿ.

ಎಡಗಣ್ಣಿಗ:
ಅಳತೆಯ ಮಾತು ಬಂದದ್ದರಿಂದ ಕೇಳುತ್ತೇನೆ. ನನ್ನದು ಎಡಗಣ್ಣು ಪ್ರಬಲ. ಬಲಭುಜಕ್ಕೆ ಒತ್ತಿಕೊಂಡು ಎಡಗಣ್ಣಿನಲ್ಲಿ ನೋಡಲು ಹೋದರೆ ತಲೆಯನ್ನು ಪೂರ್ತಿ ಬಲಕ್ಕೆ ವಾಲಿಸಬೇಕು. ಒಮ್ಮೆ ಗೆಳೆಯರದ್ದನ್ನು ಹಿಡಿದು ಐದು ನಿಮಿಷಕ್ಕೆ ಹಿಂತಿರುಗಿಸಿದೆ. ನಮ್ಮಂಥವರಿಗೆ ದಾರಿಯೇ ಇಲ್ಲವೇ?

ಪೀಣ್ಯದ_ಲೇತ್:
ದಾರಿ ಇದೆ. ಮೆತ್ತೆಯನ್ನು ಎಡಭುಜಕ್ಕೆ ಬರುವಂತೆ ಮಾಡಿಸಿ, ಬಲಗೈ ಮಾಮೂಲಿನಂತೆ ಕ್ಯಾಮೆರಾದ ಮೇಲಿರಲಿ. ನಿಮ್ಮ ಬಲಗೈ ಮೂಗಿನ ಮುಂದೆ ಅಡ್ಡ ಹಾಯುತ್ತದೆ ಎಂಬ ಕಿರಿಕಿರಿ ಇರುತ್ತದೆ, ಆದರೆ ಕುತ್ತಿಗೆ ಉಳಿಯುತ್ತದೆ. ಇನ್ನೊಂದು ಬಗೆಯಲ್ಲಿ, ಬಲಭುಜದ ಹಿಡಿಕೆಯನ್ನು ಏಳೆಂಟು ಸೆಂ.ಮೀ. ಬಲಕ್ಕೆ ಸರಿಸಿ ಅಡ್ಡಪಟ್ಟಿಯಿಂದ ಜೋಡಿಸಬಹುದು. ಒಬ್ಬರಿಗೆ ಹಾಗೆ ಮಾಡಿಕೊಟ್ಟೆ, ಬಳಸುತ್ತಿದ್ದಾರೆ.

ಹುಲ್ಲುಗಾವಲಿಗ:
ಕುದುರೆಯ ವಿಷಯವನ್ನು ಯಾರೂ ಎತ್ತಿಲ್ಲ. ಪಿಸ್ತೂಲಿನ ಹಿಡಿಯಲ್ಲೇ ಶಟರ್ ಗುಂಡಿ ಇರಬೇಕು, ಇಲ್ಲದಿದ್ದರೆ ಈ ಸಾಧನಕ್ಕೆ ಅರ್ಥವಿಲ್ಲ. ಡಿ500ಕ್ಕೆ 10 ಪಿನ್ನಿನ ಕೇಬಲ್ ಬೇಕು. ಕೆಲವು ಸಣ್ಣ ಕ್ಯಾನನ್ ಕ್ಯಾಮೆರಾಗಳಿಗೆ 2.5 ಮಿ.ಮೀ. ಜಾಕ್ ಸಾಕು. ಒಳಗೆ ಮೂರೇ ತಂತಿ: ಒಂದು ಸಾಮಾನ್ಯ, ಒಂದು ಫೋಕಸ್ಸಿಗೆ, ಒಂದು ಶಟರಿಗೆ. ಫೋಕಸ್ ತಂತಿಯನ್ನು ಸಾಮಾನ್ಯಕ್ಕೆ ಮುಟ್ಟಿಸಿದರೆ ಗುಂಡಿಯನ್ನು ಅರ್ಧ ಒತ್ತಿದಂತೆ, ಶಟರ್ ತಂತಿಯನ್ನೂ ಮುಟ್ಟಿಸಿದರೆ ಪೂರ್ತಿ ಒತ್ತಿದಂತೆ. ಎರಡು ಹಂತದ ಒತ್ತುಗುಂಡಿಯನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿ ತಂದು ನಾನೇ ಬೆಸುಗೆ ಹಾಕಿಕೊಂಡೆ.

ಲಕ್ಕವಳ್ಳಿ_ರೀವ:
ಇದನ್ನು ನಾನು ಒಪ್ಪುವುದಿಲ್ಲ. ಬಲಗೈ ಕ್ಯಾಮೆರಾ ಬಿಟ್ಟು ಹಿಡಿಗೆ ಇಳಿದ ಕ್ಷಣ ಹೆಬ್ಬೆರಳಿನ ಕೆಲಸವೆಲ್ಲ ನಿಂತುಹೋಗುತ್ತದೆ. ಕಪ್ಪು ನೀರಿನ ಮುಂದೆ ಬಿಳಿಯ ಚಮಚಕೊಕ್ಕು ಹಾರುವಾಗ ಎಕ್ಸ್‌ಪೋಷರ್ ಇಳಿಸಬೇಕು, ಅದೇ ಹಕ್ಕಿ ಆಕಾಶಕ್ಕೆ ಏರಿದಾಗ ಹೆಚ್ಚಿಸಬೇಕು. ಫೋಕಸ್ ಬಿಂದುವನ್ನು ಸರಿಸಬೇಕು. ಇವನ್ನು ಯಾರು ಮಾಡುತ್ತಾರೆ? ಕ್ಯಾಮೆರಾದ ಬೆನ್ನಿನ ಗುಂಡಿಯಿಂದ ಫೋಕಸ್ ಮಾಡುವವರಿಗೆ ಇನ್ನೂ ತೊಂದರೆ. ಶಟರ್ ಗುಂಡಿಯಿಂದ ಫೋಕಸನ್ನು ಬೇರ್ಪಡಿಸಿಟ್ಟಿದ್ದರೆ ಕುದುರೆಯ ಅರ್ಧ ಒತ್ತಿಗೂ ಕ್ಯಾಮೆರಾ ಫೋಕಸ್ ಮಾಡುವುದಿಲ್ಲ. ನನ್ನ ಗೆಳೆಯರೊಬ್ಬರು ಇದನ್ನು ತಿಳಿಯದೆ ಒಂದು ಇಡೀ ಬೆಳಗಿನ ಚಿತ್ರಗಳನ್ನು ಕಳೆದುಕೊಂಡರು. ಕುದುರೆ, ಕೇಬಲ್ ಯಾವುದೂ ಬೇಡ. ಬಲಗೈ ಕ್ಯಾಮೆರಾದಲ್ಲಿರಲಿ, ಎಡಗೈ ಮುಂಗೈಪಿಡಿಯಲ್ಲಿರಲಿ, ಹಿಡಿಕೆ ಭುಜಕ್ಕೆ ಒರಗಿರಲಿ.

ಹುಲ್ಲುಗಾವಲಿಗ:
ಬೆಳಕಿನ ಲೆಕ್ಕವನ್ನು ಮೊದಲೇ ಹೊಂದಿಸಿಟ್ಟುಕೊಳ್ಳಬಹುದು, ಐಎಸ್‌ಒ ತಾನಾಗಿ ಬದಲಾಗುವಂತೆ ಇಡಬಹುದು. ಬಯಲಿನ ಬೆಳಕು ಕಾಡಿನ ಹಾಗೆ ಕ್ಷಣಕ್ಕೊಂದು ಬಗೆ ಇರುವುದಿಲ್ಲ. ಆದರೆ ದೋಣಿಗೆ ನಿಮ್ಮ ವಿಧಾನವೇ ಸರಿ, ಅದನ್ನು ಒಪ್ಪುತ್ತೇನೆ.

ಯಲಹಂಕ_ಆಕಾಶ:
ಕುದುರೆ ಬೇಡ ಎನ್ನಲು ನನ್ನ ಬಳಿ ಬೇರೆಯೇ ಕಾರಣವಿದೆ. ದೂರದಿಂದ ನೋಡುವವರ ಕಣ್ಣಿಗೆ ಇದು ಬಂದೂಕೇ. ಏರೋ ಇಂಡಿಯಾ ಪ್ರದರ್ಶನದ ದಿನಗಳಲ್ಲಿ ವಾಯುನೆಲೆಯ ಹೊರಗಿನ ರಸ್ತೆಯೊಂದರಲ್ಲಿ ನಿಂತು, ಪಿಸ್ತೂಲು ಹಿಡಿಯ ಕಪ್ಪು ಆಸರೆಯಿಂದ ವಿಮಾನಗಳ ಚಿತ್ರ ತೆಗೆಯುತ್ತಿದ್ದೆ. ಸ್ವಲ್ಪ ಹೊತ್ತಿಗೆ ಭದ್ರತಾ ಸಿಬ್ಬಂದಿ ಬಂದು ಕೈ ಮೇಲೆತ್ತಲು ಹೇಳಿದರು. ಅವರು ತಮ್ಮ ಕೆಲಸವನ್ನೇ ಮಾಡಿದರು, ತಪ್ಪು ನನ್ನದೇ. ಅರ್ಧ ಗಂಟೆ ವಿವರಿಸಿ, ಚಿತ್ರಗಳನ್ನೆಲ್ಲ ತೋರಿಸಿದ ಮೇಲೆ ಬಿಟ್ಟರು. ಆ ಕ್ಷಣದಲ್ಲಿ ನಾನು ಗಾಬರಿಯಿಂದ ಥಟ್ಟನೆ ಅವರ ಕಡೆಗೆ ತಿರುಗಿದ್ದರೆ ಏನಾಗುತ್ತಿತ್ತೋ ಎಂಬ ಯೋಚನೆ ಇವತ್ತಿಗೂ ಬರುತ್ತದೆ. ಅಂಥ ಜಾಗಗಳಿಗೆ, ರಸ್ತೆಬದಿಗೆ, ಕಾಡಂಚಿನ ಹಳ್ಳಿಗಳಿಗೆ ಈ ಸಾಧನವನ್ನು ದಯವಿಟ್ಟು ಒಯ್ಯಬೇಡಿ.

ದರೋಜಿ_ಕರಡಿ:
ಬಣ್ಣದ ಟೇಪು ಸುತ್ತಿದರೆ ಈ ತೊಂದರೆ ತಪ್ಪುತ್ತದೆಯಲ್ಲ?

ಹುಲ್ಲುಗಾವಲಿಗ:
ಕಿತ್ತಳೆ ಬಣ್ಣ ಸುತ್ತಿಕೊಂಡು ಹುಲ್ಲಿನಲ್ಲಿ ಕುಳಿತರೆ ಸೆಳೆವ ದೂರದಿಂದಲೇ ಪಕ್ಕಕ್ಕೆ ತಿರುಗಿ ಹೋಗುತ್ತದೆ. ನಾನು ಕಂದು ಬಟ್ಟೆ ಸುತ್ತಿದ್ದೇನೆ. ಅರಣ್ಯ ಸಿಬ್ಬಂದಿ ಇರುವ ಜಾಗಗಳಲ್ಲಿ ಗೇಟಿನಲ್ಲೇ ಸಾಧನವನ್ನು ತೆಗೆದು, ಜೋಡಿಸಿ ತೋರಿಸಿ, ಅವರು ಒಪ್ಪಿದ ಮೇಲೆಯೇ ಒಳಗೆ ಒಯ್ಯುತ್ತೇನೆ. ಮನುಷ್ಯರ ಕಡೆಗೆ ಒಮ್ಮೆಯೂ ತಿರುಗಿಸುವುದಿಲ್ಲ.

ತಿರುಗುಬಲ:
ಇಷ್ಟೆಲ್ಲ ತಾಪತ್ರಯಕ್ಕಿಂತ ಹಗುರ ಲೆನ್ಸಿನ ಬಗ್ಗೆ ಮೇಡಂ ಯೋಚಿಸಬಾರದೇಕೆ? ನಿಕಾನಿನ 500 ಮಿ.ಮೀ. ಎಫ್/5.6 ಪಿಎಫ್ ಲೆನ್ಸ್ 1,460 ಗ್ರಾಂ. ಈಗಿನದಕ್ಕಿಂತ 800 ಗ್ರಾಂಗೂ ಹೆಚ್ಚು ಹಗುರ. 300 ಮಿ.ಮೀ. ಎಫ್/4 ಪಿಎಫ್ ಲೆನ್ಸಿಗೆ 1.4 ಪಟ್ಟಿನ ಟೆಲಿಕನ್ವರ್ಟರ್ ಹಾಕಿದರೆ 420 ಮಿ.ಮೀ. ಎಫ್/5.6 ಸಿಗುತ್ತದೆ, ಎರಡೂ ಸೇರಿ 1 ಕೆ.ಜಿ.ಯೊಳಗೆ. ಭಾರವನ್ನೇ ತೆಗೆದುಹಾಕಿದರೆ ಅದನ್ನು ಎಲ್ಲಿಗೆ ಸಾಗಿಸಬೇಕೆಂಬ ಪ್ರಶ್ನೆಯೇ ಹುಟ್ಟುವುದಿಲ್ಲ.

ಕೀಲು_ಸ್ನಾಯು:
ಭುಜದ ದೃಷ್ಟಿಯಿಂದ ಈ ಸಲಹೆಗೆ ನನ್ನ ಪೂರ್ಣ ಬೆಂಬಲ.

ಮೈಸೂರಿನ_ಬೆಳ್ಳಕ್ಕಿ:
ಹಗುರ ಲೆನ್ಸಿನ ಆಸೆ ನನಗೂ ಇದೆ. ಆದರೆ ಈಗಿರುವುದನ್ನು ಪಿಂಚಣಿಯಲ್ಲಿ ಉಳಿಸಿ ಕೊಂಡಿದ್ದೇನೆ, ಇನ್ನೊಂದಕ್ಕೆ ಸದ್ಯ ಕೈಯಲ್ಲಿ ಹಣವಿಲ್ಲ. ಆದ್ದರಿಂದ ಮರದ ಮಾದರಿಯಿಂದ ಆರಂಭಿಸುತ್ತೇನೆ. ನಮ್ಮ ಬೀದಿಯ ಬಡಗಿಯವರು ಒಪ್ಪಿದ್ದಾರೆ. ತಿರುಗುಬಲ ಅವರು ಹೇಳಿದ ಸೊಂಟದ ಪಟ್ಟಿಯನ್ನೂ ಜೊತೆಗೆ ಪ್ರಯತ್ನಿಸುವೆ, ನನ್ನ ಬಳಿ ಹಳೆಯ ಮಾನೊಪಾಡ್ ಇದೆ.

ತಿರುಗುಬಲ:
ಪಟ್ಟಿಗೆ ದಪ್ಪ ಚರ್ಮದ ಒಂದು ಬಟ್ಟಲು ಹೊಲಿಸಿ, ಅದರಲ್ಲಿ ಮಾನೊಪಾಡಿನ ತುದಿ ಕೂರಲಿ. ಕೋಲನ್ನು ಪೂರ್ತಿ ಮಡಚಿ ಒಂದು ಹಂತ ಮಾತ್ರ ಎಳೆದುಕೊಳ್ಳಿ. ಲೆನ್ಸ್ ಕಣ್ಣಿನ ಮಟ್ಟಕ್ಕೆ ಬಂದಾಗ ಕೋಲು ಸ್ವಲ್ಪ ಮುಂದಕ್ಕೆ ವಾಲಿರಬೇಕು. ದೋಣಿಯಲ್ಲಿ ಕೋಲನ್ನು ಹಲಗೆಗೆ ಊರಬೇಡಿ. ಸೊಂಟಕ್ಕೆ ಊರಿದರೆ ಮೈಯೇ ಅದುರನ್ನು ನುಂಗಿಕೊಳ್ಳುತ್ತದೆ.

ಮೈಸೂರಿನ_ಬೆಳ್ಳಕ್ಕಿ:
ಏಳು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮಿಸಿ.

ಮೊದಲ ಮರದ ಮಾದರಿ ಉದ್ದ ಹೆಚ್ಚಾಗಿ ವ್ಯೂಫೈಂಡರ್ ಕಣ್ಣಿಗೆ ಸಿಗಲೇ ಇಲ್ಲ. ಎರಡು ಸಲ ಕತ್ತರಿಸಿ ಗಿಡ್ಡ ಮಾಡಿದ ಮೇಲೆ, ಮೆತ್ತೆಯಿಂದ ಕ್ಯಾಮೆರಾದ ಬೆನ್ನಿನವರೆಗೆ 11 ಸೆಂ.ಮೀ., ಇಳಿತ 17 ಸೆಂ.ಮೀ. ನನ್ನ ಮೈಗೆ ಸರಿಯೆಂದು ಗೊತ್ತಾಯಿತು. ಅದೇ ಅಳತೆಯಲ್ಲಿ ಅಲ್ಯೂಮಿನಿಯಂ ಪೈಪಿನಿಂದ ಮಾಡಿಸಿದೆ. ಕುದುರೆ ಹಾಕಿಸಲಿಲ್ಲ. ಪಿಸ್ತೂಲಿನ ಹಿಡಿಯ ಬದಲು ಸೈಕಲ್ ಹ್ಯಾಂಡಲಿನ ರಬ್ಬರ್ ಹಿಡಿಯನ್ನೇ ಮುಂಗೈಪಿಡಿಗೆ ಹಾಕಿದ್ದರಿಂದ ನೋಡಿದವರಿಗೆ ಬಂದೂಕೆಂಬ ಅನುಮಾನ ಬರುವುದಿಲ್ಲ.

ರಂಗನತಿಟ್ಟಿನಲ್ಲಿ ಎರಡು ಬೆಳಗು ದೋಣಿಯಲ್ಲಿ ಕುಳಿತೆ. ಮೊದಲ ದಿನ ಭುಜದ ಆಸರೆ ಮಾತ್ರ ಬಳಸಿದೆ. ಬಣ್ಣದ ಕೊಕ್ಕರೆಗಳು ಗೂಡಿಗೆ ಕಡ್ಡಿ ತರುವಾಗ ಅವುಗಳೊಂದಿಗೆ ತಿರುಗುವುದು ನಿಜಕ್ಕೂ ಸಲೀಸಾಯಿತು. ಬಂಡೆಯ ಮೇಲೆ ಮಲಗಿದ ಮೊಸಳೆಯನ್ನು 1/200ರಲ್ಲಿ ತೆಗೆದೆ, ಹುರುಪೆಗಳ ಅಂಚು ಒಂದೊಂದೂ ಬಿಡಿಬಿಡಿಯಾಗಿ ಬಂದಿದೆ. ಆದರೆ ಮುಕ್ಕಾಲು ಗಂಟೆಗೆ ಎಡಭುಜ ಮತ್ತೆ ಭಾರವೆನಿಸಿತು, ತಿರುಗುಬಲ ಅವರ ಲೆಕ್ಕವೇ ಸರಿ. ಎರಡನೆಯ ದಿನ ಸೊಂಟದ ಪಟ್ಟಿಗೆ ಮಾನೊಪಾಡ್ ಊರಿ, ಮೇಲೆ ಭುಜದ ಆಸರೆಯನ್ನೂ ಉಳಿಸಿಕೊಂಡೆ. ಕೋಲು ತೂಕ ಹೊತ್ತುಕೊಂಡಿತು, ಆಸರೆ ಅಲುಗಾಟ ತಡೆಯಿತು, ಎಡಗೈಗೆ ದಿಕ್ಕು ತೋರಿಸುವ ಕೆಲಸ ಮಾತ್ರ ಉಳಿಯಿತು. ಆ ದಿನ ನೋವು ಬರಲಿಲ್ಲ, ಮರುದಿನವೂ ಬರಲಿಲ್ಲ. ತಲೆಯ ಮೇಲೆ ಹಾದುಹೋಗುವ ಹಕ್ಕಿಗೆ ಮಾತ್ರ ಈ ಜೋಡಣೆ ಬಗ್ಗುವುದಿಲ್ಲ, ಅವನ್ನು ಬಿಟ್ಟುಬಿಟ್ಟೆ.

ಹುಲ್ಲುಗಾವಲಿಗ:
ಬಹಳ ಸಂತೋಷ ಮೇಡಂ. ನಿಂತುಕೊಂಡು, ನಡೆಯುತ್ತ ಪ್ರಯತ್ನಿಸಿದಿರಾ? ಹೆಸರಘಟ್ಟದಲ್ಲಿ ಕೋಲು ಕಾಲಿಗೆ ತೊಡರುತ್ತದೆಯೇ ಎಂಬುದು ನನ್ನ ಕುತೂಹಲ.

ಮೈಸೂರಿನ_ಬೆಳ್ಳಕ್ಕಿ:
ಇನ್ನೂ ಇಲ್ಲ. ಸೆಳೆವಗಳು ಬರಲಿ, ಬಂದು ಬರೆಯುತ್ತೇನೆ. ಅಷ್ಟರೊಳಗೆ ಕ್ಲಾಂಪನ್ನು ಕೈಯಿಂದಲೇ ಬಿಚ್ಚುವ ಬಗೆಯದಕ್ಕೆ ಬದಲಿಸಬೇಕಾಗಿದೆ; ನಡೆಯುವಾಗ ಕೋಲನ್ನು ತೆಗೆದು ಚೀಲಕ್ಕೆ ಸಿಕ್ಕಿಸುವಂತಿರಬೇಕು.

ಎಡಗಣ್ಣಿಗ:
ಪೀಣ್ಯದವರೇ, ನನಗೂ ಒಂದು ಮಾಡಿಕೊಡುವಿರಾ? ಕನ್ನಡಿಯ ಮುಂದೆ ನಿಂತು ಅಳತೆ ತೆಗೆದುಕೊಂಡಿದ್ದೇನೆ. ಎಡಭುಜಕ್ಕೆ, ಇಳಿತ 19 ಸೆಂ.ಮೀ.

ಪೀಣ್ಯದ_ಲೇತ್:
ಮಾಡೋಣ. ನಿಮ್ಮ ಲೆನ್ಸಿನ ಕಾಲಿನ ಉದ್ದವನ್ನೂ, ಕ್ಯಾಮೆರಾ ಜೋಡಿಸಿದಾಗ ಅದು ಬೆರಳಿನ ಮೇಲೆ ಎಲ್ಲಿ ಸಮತೂಕಕ್ಕೆ ನಿಲ್ಲುತ್ತದೆ ಎಂಬುದನ್ನೂ ಅಳೆದು ಕಳುಹಿಸಿ.